ಒಲ್ಲೆ ಎಂಬ ಮಾತು

ನಾವು ಆಸ್ಪತ್ರೆಗೆ ಹೋದರೆ ಕೈಗೊಂದು ಸಣ್ಣ ಡಬ್ಬಿ ಕೊಡುತ್ತಾರೆ. ನಾಚಿಕೆಯಾದರೂ ತೆಗೆದುಕೊಳ್ಳುತ್ತೇವೆ. ಯಾಕೆಂಬುದು ನಮಗೆ ಗೊತ್ತು. ಬೇಡವೆನ್ನುವ ಹಕ್ಕೂ ಉಂಟು. ನಾಯಿಗೆ ಕಾರಣ ಹೇಳುವುದು ಹೇಗೆ? ಹೇಳದೆಯೇ ಅದರ ಹಿಂದೆ ಪಾತ್ರೆ ಹಿಡಿದು ಓಡಾಡುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಗೆ ಹೊರಳುವ ನಮ್ಮ ಕುಳಗೇರಿ ಕ್ರಾಸಿನಲ್ಲಿ ನಸುಕಿಗೇ ಜನ ಎದ್ದಿರುತ್ತಾರೆ; ಇಂಥ ಕೆಲಸ ಗುಟ್ಟಾಗಿ ನಡೆಯದು. ನಮ್ಮ ಮುಧೋಳ ತಳಿಯ ಹೆಣ್ಣುನಾಯಿ ವಿಪರೀತ ನೀರು ಕುಡಿಯತೊಡಗಿದಾಗ ಪಶುವೈದ್ಯರು ಬೆಳಗಿನ ಮೊದಲ ಮೂತ್ರ ಕೇಳಿದರು. ರಾತ್ರಿಯೆಲ್ಲ ನಿಂತದ್ದು ಗಟ್ಟಿಯಾಗಿರಬೇಕು. ಮೂತ್ರಪಿಂಡ ಸೋತಿದ್ದರೆ ತೆಳುವಾಗಿಯೇ ಬರುತ್ತದೆ. ಸಕ್ಕರೆ ಇದ್ದರೆ ಮಧುಮೇಹದ ಗುಮಾನಿ. ನೆಲದಿಂದ ಬಳಿದದ್ದು ನಡೆಯದು. ಹೆಣ್ಣುನಾಯಿ ಕುಕ್ಕರಗಾಲಲ್ಲಿ ಕೂಡುವುದರಿಂದ ಡಬ್ಬಿ ಹಿಡಿಸದು. ಸಾಬೂನು ಉಳಿಯದಂತೆ ತೊಳೆದು ಒಣಗಿಸಿದ, ಉದ್ದ ಹಿಡಿಕೆಯ ಸೌಟನ್ನು ಹಿಂದಿನಿಂದ ಮೆಲ್ಲಗೆ ಸರಿಸಬೇಕು.

‘ಏನ್ರೀ, ನಾಯಿ ಹಿಂದ ಸೌಟ ಹಿಡಕೊಂಡ ಹೊಂಟೀರಲ್ಲ!’ ಎಂದು ಚಹಾದಂಗಡಿಯಲ್ಲಿದ್ದವರು ನಕ್ಕರು. ನಾಚಿಕೆಯಾದದ್ದು ನನಗೆ, ನಾಯಿಗಲ್ಲ. ಆದರೆ ಸೌಟು ಕಂಡಾಗಲೆಲ್ಲ ಅದು ಅರ್ಧಕ್ಕೇ ಎದ್ದು ದೂರ ಹೋಗುತ್ತಿತ್ತು. ನಾಚಿಕೆ ತಿಳಿಯದ ಪ್ರಾಣಿಗೂ ಒಲ್ಲೆ ಎನ್ನುವುದು ತಿಳಿದಿದೆ.

ಜ್ವರದ ಕೂಸು ಒಲ್ಲೆನೆಂದರೂ ಕಹಿ ಔಷಧ ಕುಡಿಸುವುದಿಲ್ಲವೇ ಎನ್ನಬಹುದು. ಕುಡಿಸುತ್ತೇವೆ, ನಿಜ. ಆದರೆ ಕೂಸು ನಾಳೆ ಬೆಳೆದು, ನಮ್ಮನ್ನು ಅರಿತು ಕ್ಷಮಿಸೀತು. ನಾಯಿ ಎಂದಿಗೂ ಅರಿಯದು. ಆದ್ದರಿಂದ ಅದರ ಒಲ್ಲೆಯನ್ನು ಮೀರಿದ ಭಾರ ಪೂರ್ತಿ ನಮ್ಮ ಮೇಲೆಯೇ ಉಳಿಯುತ್ತದೆ.

ಆ ಭಾರ ತೀರಿಸುವ ದಾರಿ ಒಂದೇ ಎಂದು ನನಗೆ ತೋರುತ್ತದೆ. ಸೌಟು ಹಿಡಿಯುವ ಮುನ್ನವೇ ಕೇಳಿಕೊಳ್ಳಬೇಕು: ರೋಗವಿದೆಯೆಂದು ತಿಳಿದರೆ ನಾನೇನು ಮಾಡುತ್ತೇನೆ? ಏನೂ ಮಾಡಲು ಮನಸ್ಸಿಲ್ಲದಿದ್ದರೆ ಆ ಪರೀಕ್ಷೆ ನಾಯಿಗಾಗಿ ಅಲ್ಲ, ನಮ್ಮ ಆತಂಕ ತಣಿಸಿಕೊಳ್ಳಲು. ಅದಕ್ಕಾಗಿ ಬಡಪ್ರಾಣಿಯ ಬೆನ್ನು ಹತ್ತುವ ಹಕ್ಕು ಯಾರಿಗೂ ಇಲ್ಲ.

ನಮ್ಮ ನಾಯಿಯ ಮೂತ್ರದಲ್ಲಿಯೂ ರಕ್ತದಲ್ಲಿಯೂ ಸಕ್ಕರೆ ಕಂಡಿತು. ಈಗ ದಿನಕ್ಕೆರಡು ಸಲ ಇನ್ಸುಲಿನ್, ಅದೂ ಬದುಕಿರುವತನಕ. ಊರಿಗೆ ಹೋಗುವುದು, ಮದುವೆಗೆ ಹೋಗುವುದು ಎಲ್ಲ ಅದರ ಸೂಜಿಯ ಹೊತ್ತು ನೋಡಿಕೊಂಡೇ. ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಾಗ ಜಿಲ್ಲೆಗೆಲ್ಲ ಹೆಮ್ಮೆ. ಓಡುವ ನಾಯಿಯನ್ನು ಮೆಚ್ಚಲು ಖರ್ಚಿಲ್ಲ. ಓಡಲಾರದ್ದರ ಹೊತ್ತಿಗೆ ನಮ್ಮ ಹೊತ್ತನ್ನು ಹೊಂದಿಸಿಕೊಂಡಾಗಲೇ ಅದು ನಮ್ಮ ನಾಯಿ ಎನ್ನುವ ಮಾತಿಗೆ ಅರ್ಥ ಬರುತ್ತದೆ.