ವೈದ್ಯರ ಉತ್ತರವೂ ಚಿಕಿತ್ಸೆಯಲ್ಲವೇ?

ಹೋದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಗೆಳತಿಯೊಬ್ಬರು, "ಏನ್ರೀ, ಮುಖ ಇಷ್ಟು ಬಾಡಿದೆ?" ಎಂದು ಕೇಳಿದರು. ನನ್ನ ವೈದ್ಯರ ಕಥೆ ಹೇಳಿದೆ. ಬಿಸಿಬೇಳೆ ಬಾತಿನ ಪಾತ್ರೆ ತಲುಪುವಷ್ಟರಲ್ಲಿ ಹಿಂದೆ ಮುಂದೆ ನಿಂತಿದ್ದ ಮೂವರು ತಮ್ಮ ತಮ್ಮ ಕಥೆ ಸೇರಿಸಿದ್ದರು. ಇದು ನನ್ನೊಬ್ಬಳ ಗೋಳಲ್ಲ ಎಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಇಪ್ಪತ್ತು ವರ್ಷಗಳಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿರುವವಳು. ಎರಡು ವರ್ಷಗಳ ಹಿಂದೆ ವಿಪರೀತ ಸುಸ್ತು ಶುರುವಾಯಿತು. ನಮ್ಮ ಮಾಮೂಲು ಡಾಕ್ಟರು ಕಂಪ್ಯೂಟರ್ ನೋಡುತ್ತಲೇ, "ರಿಪೋರ್ಟೆಲ್ಲ ನಾರ್ಮಲ್ ಇದೆ, ವಾಕಿಂಗ್ ಮಾಡಿ" ಎಂದು ಎದ್ದುಬಿಟ್ಟರು. ರೋಗಿ ತನ್ನ ತೊಂದರೆ ಹೇಳತೊಡಗಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಾರೆಂದು 1984ರಲ್ಲಿ ಈ ದೇಶದ ಇಬ್ಬರು ಸಂಶೋಧಕರು ಬರೆದಿದ್ದರು. ನನಗೆ ಅಷ್ಟಾದರೂ ಸಿಕ್ಕಿತ್ತೋ ಇಲ್ಲವೋ!

ಹೀಗಿರುವಾಗ ಪರಿಚಯದವರು ಒಬ್ಬ ಹೋಲಿಸ್ಟಿಕ್ ವೈದ್ಯರ ಹೆಸರು ಹೇಳಿದರು. ರೂಟ್ 1ರಲ್ಲಿ ಮುಕ್ಕಾಲು ಗಂಟೆಯ ದಾರಿ. ಇನ್ಶೂರೆನ್ಸ್ ಒಪ್ಪುವುದಿಲ್ಲ, ಮೊದಲ ಭೇಟಿಗೆ 450 ಡಾಲರ್. ನಮ್ಮವರು ಹುಬ್ಬೇರಿಸಿದರೂ ಚೆಕ್ ಬರೆದುಕೊಟ್ಟರು. ನಿಜ ಹೇಳಬೇಕೆಂದರೆ, ಆ ದಿನ ನನಗೆ ಅಳುವೇ ಬಂತು. ಒಂದೂವರೆ ಗಂಟೆ ಆ ವೈದ್ಯರು ಅಲುಗಾಡದೆ ಕೂತು ನನ್ನ ನಿದ್ದೆ, ಊಟ, ಊರಿನಲ್ಲಿ ಅಮ್ಮ ತೀರಿಕೊಂಡದ್ದು, ಮಗಳು ಕಾಲೇಜಿಗೆ ಹೊರಟುಹೋದದ್ದು ಎಲ್ಲವನ್ನೂ ಕೇಳಿದರು. ಹೊರಡುವಾಗ ಅಲ್ಲಿಯೇ ಕೊಂಡ ಒಂಬತ್ತು ಬಾಟಲಿ ಸಪ್ಲಿಮೆಂಟ್ ಚೀಲದಲ್ಲಿತ್ತು. ಅದಕ್ಕೆ ಬೇರೆ 280 ಡಾಲರ್. ಆದರೂ ಮನಸ್ಸು ಹಗುರವಾಗಿತ್ತು.

ಮನೆಗೆ ಬಂದು ಬಾಟಲಿಗಳನ್ನು ಸಾಲಾಗಿ ಇಟ್ಟಾಗ ಒಂದು ಸಣ್ಣ ಅನುಮಾನ ಬಂತು. ಅವುಗಳಲ್ಲಿ ಕಬ್ಬಿಣವೂ ಇತ್ತು, ಕ್ಯಾಲ್ಸಿಯಮ್ಮೂ ಇತ್ತು. ಬೆಳಗಿನ ಥೈರಾಯ್ಡ್ ಮಾತ್ರೆಯ ಜೊತೆ ಇವನ್ನು ತೆಗೆದುಕೊಳ್ಳಬಹುದೇ? ಈಮೇಲ್ ಕಳಿಸಿದೆ. ಒಂದು ವಾರ ಕಾದು ಫೋನ್ ಮಾಡಿದೆ. "ಡಾಕ್ಟರಿಗೆ ತಿಳಿಸುತ್ತೇವೆ" ಎಂದರು. ಇನ್ನೊಂದು ವಾರದ ನಂತರ, "ಪ್ರಶ್ನೆಗಳಿದ್ದರೆ ಫಾಲೋಅಪ್ ಭೇಟಿ ಗೊತ್ತುಮಾಡಿಕೊಳ್ಳಿ, 225 ಡಾಲರ್, ಆರು ವಾರ ಕಾಯಬೇಕು" ಎಂದರು. ಇಷ್ಟು ದುಡ್ಡು ಸುರಿದ ಮೇಲೆ ಔಷಧಿ ಬಿಡುವುದು ಹೇಗೆ? ಎಲ್ಲವನ್ನೂ ಬೆಳಿಗ್ಗೆ ಒಟ್ಟಿಗೇ ನುಂಗುತ್ತಾ ಹೋದೆ.

ಸುಸ್ತು ಇಳಿಯುವ ಬದಲು ಏರಿತು. ಮಾಮೂಲು ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ಮೇಲಕ್ಕೆ ಹೋಗಿತ್ತು. ಕಾರಣ ತಿಳಿಸಿದವರು ಔಷಧಿ ಅಂಗಡಿಯ ಫಾರ್ಮಸಿಸ್ಟ್. ಕಬ್ಬಿಣ, ಕ್ಯಾಲ್ಸಿಯಮ್‌ಗಳು ಥೈರಾಯ್ಡ್ ಮಾತ್ರೆ ಮೈಗೆ ಹತ್ತದಂತೆ ಮಾಡುತ್ತವೆ, ನಡುವೆ ನಾಲ್ಕು ಗಂಟೆ ಅಂತರ ಬಿಡಬೇಕು ಎಂದರು. ನಮ್ಮ ಫಿಲ್ಟರ್ ಕಾಫಿಗೂ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕಂತೆ! ಎರಡು ನಿಮಿಷದ ಮಾತು, ಒಂದು ಕಾಸೂ ಖರ್ಚಿಲ್ಲ.

ಮೊದಲು ಬಂದದ್ದು ಕೋಪ. ಆಮೇಲೆ ಕೂತು ಯೋಚಿಸಿದೆ. ನನ್ನ ಕೋಪ ಯಾವುದರ ಮೇಲೆ? ದುಡ್ಡಿನ ಮೇಲೆಯೇ? ಅವರು ಹಣವನ್ನೇ ತೆಗೆದುಕೊಳ್ಳದಿದ್ದರೆ ಉತ್ತರಿಸದೆ ಇರುವ ಹಕ್ಕು ಅವರಿಗೆ ಇರುತ್ತಿತ್ತೇ? ಇಲ್ಲ ಎಂದೇ ನನಗೆ ತೋರುತ್ತದೆ.

ನಮ್ಮೂರಿನ ಡಾಕ್ಟರು ನೆನಪಾದರು. ಅವರು ಮಹಾ ಮೌನಿ. ನಾಲಿಗೆ ನೋಡಿ, ನಾಡಿ ಹಿಡಿದು, ಕಾಂಪೌಂಡರ್ ಕಡೆ ಚೀಟಿ ತಳ್ಳಿದರೆ ಮುಗಿಯಿತು. ಆದರೂ ಅಪ್ಪ ಅವರನ್ನು ಎಂದೂ ದೂರಲಿಲ್ಲ. ಯಾಕೆಂದರೆ ರಾತ್ರಿ ಹತ್ತಕ್ಕೆ ಅವರ ಮನೆ ಬಾಗಿಲು ತಟ್ಟಿ, "ಮಗುವಿಗೆ ವಾಂತಿ ಆಗ್ತಿದೆ, ಔಷಧಿ ನಿಲ್ಲಿಸಲೇ?" ಎಂದು ಕೇಳಬಹುದಾಗಿತ್ತು. "ನಿಲ್ಲಿಸಿ, ಬೆಳಿಗ್ಗೆ ಕರಕೊಂಡು ಬನ್ನಿ" ಎಂಬ ಮಾತು ಸಿಗುತ್ತಿತ್ತು. ಅವರು ಕೊಟ್ಟ ಔಷಧಿಯ ಹಿಂದೆ ಅವರು ನಿಂತಿರುತ್ತಿದ್ದರು. ಹಾಗಾದರೆ ಮಾತು ಕಡಿಮೆಯಾದದ್ದು ತಪ್ಪಲ್ಲ, ಕೊಟ್ಟ ಮದ್ದಿನ ಬಗ್ಗೆ ಕೇಳಿದಾಗ ಕೈಗೆ ಸಿಗದಿರುವುದು ತಪ್ಪು.

ಹೋಲಿಸ್ಟಿಕ್ ಎಂಬುದರ ಮೂಲ "ಇಡೀ" ಎಂಬ ಅರ್ಥದ ಗ್ರೀಕ್ ಪದ. ಇಡೀ ಮನುಷ್ಯನನ್ನು ನೋಡುತ್ತೇನೆ ಎಂದವರಿಗೆ, ಅವರ ಕೋಣೆಯಿಂದ ಹೊರಬಂದು ಅಡುಗೆಮನೆಯಲ್ಲಿ ಒಂಬತ್ತು ಬಾಟಲಿಗಳ ಮುಂದೆ ನಿಂತ ನಾನೂ ಆ ಇಡೀ ಮನುಷ್ಯಳೇ ತಾನೆ? ಅದೂ ಅಲ್ಲದೆ, 1994ರ ಕಾನೂನಿನಂತೆ ಇಲ್ಲಿ ಸಪ್ಲಿಮೆಂಟುಗಳನ್ನು ಮಾರುವ ಮುನ್ನ ಎಫ್‌ಡಿಎ ಅವುಗಳ ಗುಣವನ್ನಾಗಲಿ ಸುರಕ್ಷತೆಯನ್ನಾಗಲಿ ಪರಿಶೀಲಿಸಿ ಒಪ್ಪಿಗೆ ಕೊಡಬೇಕಾಗಿಲ್ಲ. ಹಾಗಿರುವಾಗ ತಾವೇ ಬರೆದು ತಾವೇ ಮಾರುವವರ ಹೊಣೆ ಇನ್ನೂ ಹೆಚ್ಚಾಗಬೇಡವೇ?

ಇನ್ನು ನನ್ನ ಪಾಲಿನ ತಪ್ಪು. ಚರಕ ಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಆರೈಕೆ ಮಾಡುವವರು, ರೋಗಿ. ರೋಗಿಗೂ ನಾಲ್ಕು ಗುಣಗಳಿರಬೇಕಂತೆ. ನೆನಪು, ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ರೋಗವನ್ನು ತಿಳಿಯಹೇಳುವುದು. ನಮ್ಮಲ್ಲನೇಕರು ಹೇಳಿದಂತೆ ನಡೆಯುವುದನ್ನು ಮಾತ್ರ ಕಲಿತು ಬಂದವರು. ವೈದ್ಯರೆಂದರೆ ನಾರಾಯಣ ಎಂದು ನಂಬಿ, ಎದುರಿಗೆ "ಹೂಂ, ಹೂಂ" ಎಂದು ತಲೆಯಾಡಿಸಿ, ಕಾರು ಹತ್ತಿದ ಮೇಲೆ ಅನುಮಾನ ಪಡುತ್ತೇವೆ. ಆ ದಿನ ನಾನು ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಕೇಳಬಹುದಾಗಿತ್ತು. ಹೋಲಿಸ್ಟಿಕ್ ವೈದ್ಯರಲ್ಲಿಗೆ ಹೋದದ್ದನ್ನು ಮಾಮೂಲು ಡಾಕ್ಟರಿಗೆ ಸಂಕೋಚದಿಂದ ಮುಚ್ಚಿಟ್ಟದ್ದೂ ನಾನೇ.

ವೈದ್ಯರ ಕಷ್ಟವೂ ಇದೆ ಎನ್ನಿ. ದಿನಕ್ಕೆ ಐವತ್ತು ಜನ ಐವತ್ತು ಪ್ರಶ್ನೆ ಬರೆದರೆ ಅವರು ಮನೆಗೆ ಹೋಗುವುದು ಯಾವಾಗ? ಪ್ರಶ್ನೆಗೂ ಶುಲ್ಕ ಎಂದರೆ ಅದು ಅನ್ಯಾಯವೇನಲ್ಲ. ಆದರೆ ಅದನ್ನು ಮೊದಲ ಚೆಕ್ ಬರೆಯುವ ಮುನ್ನ ಹೇಳಬೇಕು. 2022ರ ಜನವರಿಯಿಂದ, ಇನ್ಶೂರೆನ್ಸ್ ಬಳಸದೆ ಕೈಯಿಂದ ಹಣ ಕೊಡುವವರು ಖರ್ಚಿನ ಅಂದಾಜನ್ನು ಮುಂಚೆಯೇ ಬರಹದಲ್ಲಿ ಪಡೆಯುವ ಹಕ್ಕು ಇಲ್ಲಿದೆ. ಬಿಲ್ಲು ಆ ಅಂದಾಜನ್ನು 400 ಡಾಲರ್ ಅಥವಾ ಹೆಚ್ಚು ಮೀರಿದರೆ ತಕರಾರು ಎತ್ತಬಹುದು. ಆದರೆ ಕಾನೂನು ಬೆಲೆಯನ್ನಷ್ಟೇ ಹೇಳಿಸೀತು. "ಉತ್ತರಿಸುವವರು ಯಾರು, ಎಷ್ಟು ದಿನಗಳಲ್ಲಿ?" ಎಂದು ನಾವೇ ಕೇಳಬೇಕು.

ಕೊನೆಗೆ ನಡೆದದ್ದೆಲ್ಲವನ್ನೂ ಕಾಗದದಲ್ಲಿ ಬರೆದು ಅಂಚೆಗೆ ಹಾಕಿದೆ. ಐದನೆಯ ದಿನ ಸ್ವತಃ ವೈದ್ಯರೇ ಫೋನ್ ಮಾಡಿದರು. ನನ್ನ ಪ್ರಶ್ನೆ ಅವರ ಕೈ ಸೇರಿಯೇ ಇರಲಿಲ್ಲವಂತೆ. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ಅವರು ಕೆಟ್ಟವರೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಕೇಳುವುದಕ್ಕೆ ಒಂದೂವರೆ ಗಂಟೆ ಇಟ್ಟಿದ್ದ ಅವರು, ಉತ್ತರಿಸುವುದಕ್ಕೆ ಐದು ನಿಮಿಷವನ್ನೂ ಎಲ್ಲಿಯೂ ಇಟ್ಟಿರಲಿಲ್ಲ. ಕೋಪ ಇಳಿಯಿತು, ಮತ್ತೆ ಅಲ್ಲಿಗೆ ಹೋಗಲಿಲ್ಲ.

ಈಗ ಕಬ್ಬಿಣದ ಮಾತ್ರೆ ಮಧ್ಯಾಹ್ನದ ಊಟದ ಹೊತ್ತಿಗೆ. ಯಾವ ಡಾಕ್ಟರ ಹತ್ತಿರ ಹೋದರೂ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಪರ್ಸಿನಲ್ಲಿರುತ್ತದೆ. ಅದರ ಕೆಳಗೆ ಮೂರು ಪ್ರಶ್ನೆ ಬರೆದುಕೊಂಡಿರುತ್ತೇನೆ. ಮೂರಕ್ಕೂ ಉತ್ತರ ಸಿಗುವವರೆಗೆ ಕುರ್ಚಿಯಿಂದ ಏಳುವುದಿಲ್ಲ. ನಮ್ಮವರು ಹೊರಗೆ ಕಾಯುತ್ತಾ ಗಡಿಯಾರ ನೋಡಿಕೊಳ್ಳುತ್ತಾರೆ, ನೋಡಿಕೊಳ್ಳಲಿ ಬಿಡಿ.

ನಿಮಗೂ ಇಂಥ ಅನುಭವವಾಗಿದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ.