ಹೆಜ್ಜೆಯ ಎಣಿಕೆಯೂ ಹೆಜ್ಜೆಯ ಎಚ್ಚರವೂ

ಜೈನಾಚಾರವು ನಡೆಯುವ ಕ್ರಿಯೆಯನ್ನು ಎಂದೂ ಅಲಕ್ಷಿಸಿಲ್ಲ. ಪಂಚ ಸಮಿತಿಗಳಲ್ಲಿ ಮೊದಲನೆಯದೇ ಈರ್ಯಾಸಮಿತಿ. ಮುನಿಯಾದವನು ಸೂರ್ಯನ ಬೆಳಕಿನಲ್ಲಿ, ಜನರು ನಡೆದು ಸವೆದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಅಲ್ಲಿರುವ ಕ್ಷುದ್ರ ಜೀವಿಗಳಿಗೆ ಬಾಧೆಯಾಗದಂತೆ ಅಡಿಯಿಡಬೇಕೆಂದು ಅದು ವಿಧಿಸುತ್ತದೆ. ಎಷ್ಟು ದೂರ ನಡೆದನೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಹೇಗೆ ನಡೆದನೆಂಬುದೊಂದೇ ಪ್ರಶ್ನೆ. ನಮ್ಮ ಕಾಲದಲ್ಲಿಯಾದರೋ ‘ಹೇಗೆ’ ಎಂಬುದು ಹಿಂದೆ ಸರಿದು ‘ಎಷ್ಟು’ ಎಂಬುದು ಮುಂದೆ ಬಂದು ನಿಂತಿದೆ. ಕೈಗಡಿಯಾರದಲ್ಲಿಯೂ ಮೊಬೈಲಿನಲ್ಲಿಯೂ ಅಡಗಿರುವ ಯಂತ್ರವು ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಹೆಜ್ಜೆಗಳನ್ನು ಎಣಿಸುತ್ತಿರುತ್ತದೆ.

ಈ ಎಣಿಕೆಯಿಂದಲೇ ಹುಟ್ಟಿದ್ದು ಕಛೇರಿಗಳಲ್ಲಿ ನಡೆಯುವ ಹೆಜ್ಜೆಗಳ ಸ್ಪರ್ಧೆ. ಒಂದು ತಿಂಗಳ ಅವಧಿ ನಿಶ್ಚಯಿಸುತ್ತಾರೆ. ನೌಕರರೆಲ್ಲರೂ ತಮ್ಮ ಮೊಬೈಲಿನಲ್ಲಿ ಒಂದೇ ಆ್ಯಪನ್ನು ಹಾಕಿಕೊಳ್ಳುತ್ತಾರೆ. ಪ್ರತಿದಿನ ಸಂಜೆ ಯಾರು ಎಷ್ಟು ನಡೆದರೆಂಬ ಪಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೊದಲಿನವರಿಗೆ ಬಹುಮಾನ, ಕೊನೆಯವರಿಗೆ ನಗೆಚಾಟಿಕೆ. ದೊಡ್ಡ ನಗರಗಳ ಕಂಪನಿಗಳಲ್ಲಿ ರೂಢಿಯಾದ ಈ ಪದ್ಧತಿಗೆ ಮೊಬೈಲೊಂದಿದ್ದರೆ ಸಾಕು. ಆದುದರಿಂದ ನಮ್ಮ ಹಿಡಕಲ್, ಹುಕ್ಕೇರಿ, ಗೋಕಾಕ, ಮೂಡಲಗಿಗಳ ಬ್ಯಾಂಕು, ಸಹಕಾರಿ ಸಂಘ, ಸಕ್ಕರೆ ಕಾರ್ಖಾನೆಗಳಲ್ಲಿಯೂ ಇದನ್ನು ಏರ್ಪಡಿಸುವುದು ಕಷ್ಟವೇನಲ್ಲ. ಏರ್ಪಡಿಸುವ ಹೊಣೆ ಸಾಮಾನ್ಯವಾಗಿ ಎಲ್ಲರಿಗೂ ಬೇಕಾದ, ನಂಬಿಕೆಗೆ ಪಾತ್ರನಾದ ಒಬ್ಬ ನೌಕರನ ಮೇಲೆ ಬೀಳುತ್ತದೆ. ಆತನು ಅಣುವ್ರತಗಳಲ್ಲಿ ಶ್ರದ್ಧೆಯುಳ್ಳ ಶ್ರಾವಕನಾಗಿದ್ದರೆ ಏನು ಮಾಡಬೇಕು? ಇದು ಕೇವಲ ಆಟವೆಂದು ಒಪ್ಪಿಕೊಳ್ಳಬೇಕೇ, ವ್ಯರ್ಥವೆಂದು ನಿರಾಕರಿಸಬೇಕೇ? ಚಿಕ್ಕದೆಂದು ತೋರುವ ಈ ಪ್ರಶ್ನೆಯಲ್ಲಿ ನಮ್ಮ ಆಚಾರದ ಹಲವು ಎಳೆಗಳು ಕೂಡಿಕೊಂಡಿವೆಯಾದ್ದರಿಂದ ಅದನ್ನು ಸಾವಧಾನವಾಗಿ ವಿವೇಚಿಸುವುದು ಯೋಗ್ಯ.

ಮೊದಲು ನಿರಾಕರಣೆಯ ಪಕ್ಷವನ್ನು ನೋಡೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು, ಅಂದರೆ ಪ್ರಯೋಜನವಿಲ್ಲದೆ ಜೀವಹಿಂಸೆಗೆ ಎಡೆಗೊಡುವ ನಡತೆಯನ್ನು ವಿವರಿಸುವಾಗ ‘ಪ್ರಮಾದಚರ್ಯೆ’ ಎಂಬ ಒಂದು ಬಗೆಯನ್ನು ಹೇಳುತ್ತಾರೆ. ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಫಲವಾಗಿ ಕದಡುವುದು, ಸಸ್ಯಗಳನ್ನು ಕಡಿಯುವುದು ಅದರಲ್ಲಿ ಸೇರುತ್ತವೆ. ಅವುಗಳ ಜೊತೆಗೆ ಇನ್ನೆರಡು ಶಬ್ದಗಳಿವೆ: ಸರಣ ಮತ್ತು ಸಾರಣ. ಕಾರಣವಿಲ್ಲದೆ ತಾನು ತಿರುಗಾಡುವುದು ಸರಣ. ಕಾರಣವಿಲ್ಲದೆ ಇತರರನ್ನು ತಿರುಗಾಡಿಸುವುದು ಸಾರಣ. ಹೆಜ್ಜೆಗಳ ಸ್ಪರ್ಧೆಯಲ್ಲಿ ಭಾಗವಹಿಸುವವನಿಗೆ ಮೊದಲನೆಯ ಶಬ್ದವೂ, ಅದನ್ನು ಏರ್ಪಡಿಸುವವನಿಗೆ ಎರಡನೆಯ ಶಬ್ದವೂ ಎಷ್ಟು ನೇರವಾಗಿ ತಾಗುತ್ತವೆಂಬುದನ್ನು ವಾಚಕರು ಗಮನಿಸಬೇಕು.

ಆದರೆ ಇಲ್ಲಿ ‘ನಿಷ್ಫಲ’ ಎಂಬ ವಿಶೇಷಣವೇ ಮುಖ್ಯವಾದುದು. ದೇಹಾರೋಗ್ಯವು ಫಲವಲ್ಲವೆಂದು ಯಾರೂ ಹೇಳಲಾರರು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿತು. ದಿನವಿಡೀ ಕುರ್ಚಿಯಲ್ಲಿ ಕುಳಿತು, ಮೋಟಾರುಸೈಕಲ್ಲಿನಲ್ಲಿ ಮನೆಗೆ ಮರಳುವ ನೌಕರನಿಗೆ ನಡಿಗೆಯೇ ಔಷಧವಾಗಿರಬಹುದು. ಸಾಮಾಯಿಕಕ್ಕೆ ಕುಳಿತುಕೊಳ್ಳುವುದಕ್ಕೂ, ಬಸದಿಯ ಮೆಟ್ಟಿಲು ಹತ್ತುವುದಕ್ಕೂ, ವೃದ್ಧರ ಸೇವೆ ಮಾಡುವುದಕ್ಕೂ ದೇಹವು ಬೇಕು. ಧರ್ಮಸಾಧನವಾದ ದೇಹವನ್ನು ಕಾಪಾಡಿಕೊಳ್ಳುವ ನಡಿಗೆ ಅನರ್ಥವಲ್ಲ. ಆದುದರಿಂದ ಸ್ಪರ್ಧೆಯನ್ನು ಮೊದಲ ನೋಟದಲ್ಲಿಯೇ ತಳ್ಳಿಹಾಕುವುದು ಸರಿಯಲ್ಲ. ಪ್ರಯೋಜನವು ಎಲ್ಲಿಯವರೆಗೆ ಇರುತ್ತದೆ, ಎಲ್ಲಿ ಮುಗಿದು ಪ್ರಮಾದವು ಆರಂಭವಾಗುತ್ತದೆ ಎಂಬುದನ್ನು ಗುರುತಿಸಬೇಕು.

ಆ ಗೆರೆಯನ್ನು ಗುರುತಿಸಲು ಎಣಿಕೆಯ ಸ್ವಭಾವವನ್ನೇ ಪರೀಕ್ಷಿಸಬೇಕಾಗುತ್ತದೆ. ಜೈನರು ಎಣಿಕೆಯನ್ನು ತಿರಸ್ಕರಿಸಿದವರಲ್ಲ. ಜಪಮಾಲೆಯ ಮಣಿಗಳು 108. ಪರಿಗ್ರಹ ಪರಿಮಾಣದಲ್ಲಿ ಹೊಲ, ಮನೆ, ಬಂಗಾರ, ದನಕರುಗಳನ್ನು ಎಣಿಸಿಯೇ ವ್ರತ ಕೈಕೊಳ್ಳುತ್ತೇವೆ. ದಿಗ್ವ್ರತವಂತೂ ನಡಿಗೆಯನ್ನೇ ಅಳೆಯುವ ವ್ರತ: ಇಂಥ ನದಿ, ಇಂಥ ಬೆಟ್ಟ, ಇಷ್ಟು ಯೋಜನ, ಅದರಾಚೆಗೆ ಹೋಗುವುದಿಲ್ಲವೆಂಬ ಪ್ರತಿಜ್ಞೆ. ಆದರೆ ಈ ಎಲ್ಲ ಎಣಿಕೆಗಳೂ ಒಂದು ಮೇರೆಯನ್ನು ಹಾಕಿಕೊಳ್ಳುವುದಕ್ಕಾಗಿ ಇವೆ. ‘ಇಷ್ಟು ಸಾಕು’ ಎಂದು ಹೇಳಲು ಶ್ರಾವಕನು ಎಣಿಸುತ್ತಾನೆ. ಸ್ಪರ್ಧೆಯ ಎಣಿಕೆಗಾದರೋ ‘ಸಾಕು’ ಎಂಬ ಮಾತೇ ಗೊತ್ತಿಲ್ಲ. ಪಕ್ಕದ ಮೇಜಿನವನು 12,000 ನಡೆದರೆ ತನಗೆ 13,000 ಬೇಕು. ಅವನು ಅದನ್ನು ದಾಟಿದರೆ 15,000 ಬೇಕು. ಮಲಗುವ ಹೊತ್ತಿನಲ್ಲಿ ಎದ್ದು ಅಂಗಳದಲ್ಲಿ ಸುತ್ತುವವನು ಆರೋಗ್ಯಕ್ಕಾಗಿ ಸುತ್ತುತ್ತಿಲ್ಲ, ಸಂಖ್ಯೆಗಾಗಿ ಸುತ್ತುತ್ತಿದ್ದಾನೆ. ಹೆಜ್ಜೆಗಳು ಆಗ ಕೂಡಿಡುವ ವಸ್ತುವಾಗುತ್ತವೆ. ಹಣ ಧಾನ್ಯಗಳಂತೆ ಅವೂ ಪರಿಗ್ರಹವೇ ಆಗುತ್ತವೆ.

ಹಿಡಕಲ್ಲಿನವರಿಗೆ ಈ ಭೇದವನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ಘಟಪ್ರಭೆಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದಲ್ಲಿ ದಿನವೂ ನೀರಿನ ಮಟ್ಟವನ್ನು ಅಳೆದು ಬರೆಯುತ್ತಾರೆ. ಪೂರ್ಣಮಟ್ಟ 2175 ಅಡಿ. ಸಂಗ್ರಹ 51 ಟಿ.ಎಂ.ಸಿ. ಆ ಅಂಕೆ ಏರುವುದನ್ನು ಜೂನ್ ಜುಲೈ ತಿಂಗಳಲ್ಲಿ ರೈತರು ಆಸೆಯಿಂದ ಕಾಯುತ್ತಾರೆ. ಆದರೂ ಅಂಕೆಯನ್ನು ಏರಿಸುವುದೇ ಜಲಾಶಯದ ಧರ್ಮವಲ್ಲ. ಒಳಹರಿವು ಹೆಚ್ಚಿದಾಗ ತುಂಬುವ ಮೊದಲೇ ಬಾಗಿಲು ತೆರೆದು ನೀರು ಬಿಡಬೇಕು. ಬೇಸಿಗೆಯಲ್ಲಿ ಅಂಕೆ ಇಳಿಯುವುದನ್ನು ನೋಡುತ್ತಲೇ ಕಾಲುವೆಗೆ ಹರಿಸಬೇಕು. 2019ರ ಆಗಸ್ಟಿನಲ್ಲಿ ಗೋಕಾಕದ ಮನೆಗಳಿಗೆ ಹೊಳೆ ನುಗ್ಗಿದ್ದನ್ನು ಕಂಡವರು ನೀರಿಗೆ ಮಿತಿಯೇಕೆ ಬೇಕೆಂದು ಕೇಳಲಾರರು. ಅಳತೆಗೋಲು ಹೊಲಕ್ಕಾಗಿ ಇದೆ, ಊರಿನ ರಕ್ಷಣೆಗಾಗಿ ಇದೆ. ಹೊಲವೂ ಊರೂ ಅಳತೆಗೋಲಿಗಾಗಿ ಇಲ್ಲ. ಹೆಜ್ಜೆಯ ಎಣಿಕೆಗೂ ಇದೇ ನ್ಯಾಯ.

ಇನ್ನು, ಎಲ್ಲರ ಬಾಯಲ್ಲಿರುವ 10,000 ಎಂಬ ಸಂಖ್ಯೆ ಎಲ್ಲಿಂದ ಬಂದಿತು? ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿಯು ಸೊಂಟಕ್ಕೆ ಕಟ್ಟಿಕೊಳ್ಳುವ ಹೆಜ್ಜೆಮಾಪಕವನ್ನು ಮಾರಾಟಕ್ಕೆ ತಂದಿತು. ಅದರ ಹೆಸರು ‘ಮಾನ್‌ಪೊ-ಕೆಯ್’, ಎಂದರೆ ಹತ್ತು ಸಾವಿರ ಹೆಜ್ಜೆಗಳ ಮಾಪಕ. ಮಾರಾಟಕ್ಕೆ ಒಪ್ಪುವ ಆ ದುಂಡು ಸಂಖ್ಯೆಯೇ ಕ್ರಮೇಣ ಆರೋಗ್ಯದ ನಿಯಮವೆಂಬಂತೆ ಜಗತ್ತಿನಲ್ಲಿ ಹರಡಿತು. 2019ರಲ್ಲಿ ಅಮೆರಿಕದ ವೃದ್ಧ ಮಹಿಳೆಯರನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲಿಯೇ ಮರಣಪ್ರಮಾಣವು 2,700 ನಡೆಯುವವರಿಗಿಂತ ಕಡಿಮೆಯಿತ್ತು; ಸುಮಾರು 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. 2025ರಲ್ಲಿ ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದ ವಿದ್ವಾಂಸರು 7,000 ಹೆಜ್ಜೆಗಳ ಸುಮಾರಿಗೇ ಗಣನೀಯ ಪ್ರಯೋಜನ ಕಂಡುಬರುತ್ತದೆಂದರು. ವೃತ್ತಿ, ವಯಸ್ಸು, ರೋಗಗಳನ್ನು ಅನುಸರಿಸಿ ಒಬ್ಬೊಬ್ಬರ ಅಗತ್ಯ ಬೇರೆಯಾದೀತು. ಆದರೆ ಅಗತ್ಯಕ್ಕೆ ಒಂದು ಮಿತಿಯುಂಟೆಂಬುದನ್ನು ವಿಜ್ಞಾನವೂ ಹೇಳುತ್ತಿದೆ. ಮಿತಿಯಿಲ್ಲದಿರುವುದು ಪಂದ್ಯಕ್ಕೆ ಮಾತ್ರ.

ಮಿತಿ ತಪ್ಪಿದಲ್ಲಿ ಕಷಾಯಗಳು ಏಳುವುದು ಸಹಜ. ಅಷ್ಟಮದಗಳಲ್ಲಿ ಬಲಮದವೂ ದೇಹಮದವೂ ಸೇರಿವೆ. ದಿನಕ್ಕೊಮ್ಮೆ ಪ್ರಕಟವಾಗುವ ಪಟ್ಟಿಯು ಇವೆರಡಕ್ಕೂ ನೀರೆರೆಯುತ್ತದೆ. ಮಾನದ ಬೆನ್ನಿಗೆ ಮಾಯೆ ಬರುತ್ತದೆ. ಮೊಬೈಲು ಕಾಲನ್ನು ನೋಡಿ ಎಣಿಸುವುದಿಲ್ಲ. ಅದರೊಳಗಿನ ಸೂಕ್ಷ್ಮ ಉಪಕರಣವು ಲಯಬದ್ಧವಾದ ಅಲುಗಾಟವನ್ನು ಗ್ರಹಿಸಿ ಅದನ್ನೇ ಹೆಜ್ಜೆಯೆಂದು ಲೆಕ್ಕ ಹಿಡಿಯುತ್ತದೆ. ಆದುದರಿಂದ ಕುಳಿತಲ್ಲಿಯೇ ಕೈಯಲ್ಲಾಡಿಸಿಯೂ, ಆಡುವ ಮಗುವಿನ ಕಿಸೆಯಲ್ಲಿರಿಸಿಯೂ ಸಂಖ್ಯೆಯನ್ನು ಬೆಳೆಸಬಹುದು. ಇದು ವಿನೋದವೆಂದು ನಗುವವರು ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳಿದ ಅತಿಚಾರಗಳನ್ನು ನೆನೆಯಬೇಕು. ‘ಹೀನಾಧಿಕ ಮಾನೋನ್ಮಾನ’, ಅಂದರೆ ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಅವುಗಳಲ್ಲೊಂದು. ಅಂಗಡಿಯ ತಕ್ಕಡಿಯಲ್ಲಿ ಒಂದು ಗುಂಜಿ ತಪ್ಪದ ವ್ಯಾಪಾರಿಯು ಬಹುಮಾನದ ಆಸೆಗೆ ಹೆಜ್ಜೆಯ ತಕ್ಕಡಿಯನ್ನು ಬಾಗಿಸಿದರೆ ವ್ರತ ಕೆಡಲಿಲ್ಲವೆನ್ನುವುದು ಹೇಗೆ? ಏರ್ಪಡಿಸಿದವನು ಇದರಿಂದ ಹೊರಗುಳಿಯಲಾರನು. ಕೃತ, ಕಾರಿತ, ಅನುಮೋದಿತವೆಂದು ಕರ್ಮಕ್ಕೆ ಮೂರು ದಾರಿಗಳಿವೆ. ಸುಳ್ಳಿಗೆ ಲಾಭ ಕೊಡುವ ವ್ಯವಸ್ಥೆಯನ್ನು ತಿಳಿದೂ ಕಟ್ಟಿದವನು ಕಾರಿತದ ಪಾಲುಗಾರ. ಗೊತ್ತಿದ್ದೂ ಚಪ್ಪಾಳೆ ತಟ್ಟಿದವರು ಅನುಮೋದಿತದ ಪಾಲುಗಾರರು.

ಇದಕ್ಕಿಂತ ಗಂಭೀರವಾದುದು ಸಮತೆಯ ಪ್ರಶ್ನೆ. ಹೆಜ್ಜೆಗಳ ಸ್ಪರ್ಧೆಯು ಕುಳಿತು ದುಡಿಯುವವರು ತಮಗಾಗಿ ಕಲ್ಪಿಸಿಕೊಂಡದ್ದು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು 1969ರಿಂದ ಈ ಭಾಗದ ಹಳ್ಳಿಗಳಿಗೆ ವಿದ್ಯುತ್ ಒದಗಿಸುತ್ತ ಬಂದಿದೆ. ಇಂಥ ಸಂಸ್ಥೆಯಲ್ಲಿ ಲೆಕ್ಕ ಬರೆಯುವವರೂ ಇರುತ್ತಾರೆ, ಹೊಲಗಳ ಬದುವಿನಲ್ಲಿ ಕಂಬದಿಂದ ಕಂಬಕ್ಕೆ ನಡೆಯುವ ಲೈನ್‌ಮನ್‌ಗಳೂ ಇರುತ್ತಾರೆ. ಇಬ್ಬರ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಆ ಪಟ್ಟಿಗೆ ಅರ್ಥವೇನು? ಕಾಲುವೆಯ ಏರಿಯ ಮೇಲೆ ನೀರು ನೋಡುತ್ತ ನಡೆಯುವವನಿಗೂ, ಹಂಗಾಮಿನಲ್ಲಿ ಕಬ್ಬಿನ ಹೊರೆ ಹೊತ್ತು ದಿನವಿಡೀ ಗಾಡಿಗೂ ಹೊಲಕ್ಕೂ ತಿರುಗುವ ಹೆಂಗಸಿಗೂ ಹೆಜ್ಜೆಗಳ ಕೊರತೆಯಿಲ್ಲ. ಅವರಿಗೆ ಕೊರತೆಯಿರುವುದು ವಿಶ್ರಾಂತಿಯದು. ಅದೇ ಕಛೇರಿಯಲ್ಲಿ ಮೊಣಕಾಲಿನ ನೋವಿನವರು, ಹೃದ್ರೋಗಿಗಳು, ಗರ್ಭಿಣಿಯರು, ಅಂಗವಿಕಲರು ಇರುತ್ತಾರೆ. ಪಟ್ಟಿಯ ಕೊನೆಯಲ್ಲಿ ನಿಂತವರು ‘ಯಾಕೆ ಇಷ್ಟು ಕಡಿಮೆ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮುಚ್ಚಿಟ್ಟುಕೊಂಡಿದ್ದ ಕಾಯಿಲೆಯನ್ನು ಬಿಚ್ಚಿ ಹೇಳಬೇಕಾಗುತ್ತದೆ. ಮಾತಿನಿಂದಲೂ ಹಿಂಸೆಯುಂಟೆಂದು ಬಲ್ಲ ನಾವು ಅಂಕೆಯಿಂದಲೂ ಹಿಂಸೆಯುಂಟೆಂಬುದನ್ನು ಅರಿಯಬೇಕು.

ಗುಟ್ಟಿನ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ನಡಿಗೆಯ ದಾಖಲೆಯು ಮನುಷ್ಯನ ದಿನಚರಿಯ ದಾಖಲೆಯೂ ಹೌದು: ಎಷ್ಟಕ್ಕೆ ಎದ್ದ, ಯಾವ ದಾರಿಯಲ್ಲಿ ಹೋದ, ಎಲ್ಲಿ ನಿಂತ. ಸ್ಟ್ರಾವಾ ಎಂಬ ಆ್ಯಪಿನ ಕಂಪನಿಯು 2017ರ ನವೆಂಬರಿನಲ್ಲಿ ಬಳಕೆದಾರರ ಓಡಾಟದ ಜಾಗತಿಕ ನಕ್ಷೆಯನ್ನು ಪ್ರಕಟಿಸಿತು. ಸೈನಿಕರು ವ್ಯಾಯಾಮಕ್ಕಾಗಿ ಓಡಿದ ಗೆರೆಗಳಿಂದ ಸೇನಾಶಿಬಿರಗಳ ನೆಲೆಗಳೇ ಅದರಲ್ಲಿ ಕಾಣಿಸುತ್ತಿವೆಯೆಂಬುದು 2018ರ ಜನವರಿಯಲ್ಲಿ ಬಯಲಾಯಿತು. ಸೈನ್ಯದ ಗುಟ್ಟೇ ಉಳಿಯದಿದ್ದಲ್ಲಿ ಗುಮಾಸ್ತನ ಗುಟ್ಟು ಉಳಿಯುವುದೇ? ನಮ್ಮ ದೇಶವು 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಕಾಯಿದೆ ಮಾಡಿ ವ್ಯಕ್ತಿಯ ಒಪ್ಪಿಗೆಗೆ ಮಹತ್ವ ಕೊಟ್ಟಿದೆ. ಆದರೆ ಬಡ್ತಿ, ರಜೆಗಳನ್ನು ಕೈಯಲ್ಲಿ ಹಿಡಿದಿರುವ ಮೇಲಧಿಕಾರಿಯು ಕೇಳಿದಾಗ ಕೊಟ್ಟ ಒಪ್ಪಿಗೆಯು ನಿಜವಾದ ಒಪ್ಪಿಗೆಯೇ ಎಂಬುದನ್ನು ಕಾಯಿದೆಗಿಂತ ಮೊದಲು ಅಂತಃಕರಣವು ಕೇಳಬೇಕು. ಪರರ ಏಕಾಂತವನ್ನು ಬಯಲಿಗೆಳೆಯುವ ‘ರಹೋಭ್ಯಾಖ್ಯಾನ’ವನ್ನು ಉಮಾಸ್ವಾಮಿಗಳು ಸತ್ಯಾಣುವ್ರತದ ಅತಿಚಾರವೆಂದು ಎಣಿಸಿದ್ದಾರೆ, ಹೇಳಿದ್ದು ನಿಜವೇ ಆಗಿದ್ದರೂ ದೋಷವು ತಪ್ಪದು.

‘ಸ್ಪರ್ಧೆಯಿಲ್ಲದಿದ್ದರೆ ಯಾರೂ ನಡೆಯುವುದಿಲ್ಲ’ ಎಂಬ ಆಕ್ಷೇಪವು ಸಹಜವಾಗಿ ಬರುತ್ತದೆ. ಒಬ್ಬಂಟಿಯಾಗಿ ಆರಂಭಿಸಿದ್ದನ್ನು ನಡುವೆ ಬಿಡುವುದು ಮನುಷ್ಯಸ್ವಭಾವ. ಜೊತೆಗಾರರಿದ್ದರೆ ಉತ್ಸಾಹ ಉಳಿಯುತ್ತದೆ. ಇದರಲ್ಲಿ ಸತ್ಯವಿದೆ, ನಮ್ಮ ಪೂರ್ವಜರೂ ಅದನ್ನು ಬಲ್ಲರು. ಪರ್ಯೂಷಣದಲ್ಲಿ ಹತ್ತು ಜನ ಕೂಡಿ ಏಕಾಶನ, ಉಪವಾಸಗಳನ್ನು ಕೈಕೊಳ್ಳುವುದು ಇದಕ್ಕಾಗಿಯೇ. ಆದರೆ ಅಲ್ಲಿ ಪ್ರತಿಯೊಬ್ಬನೂ ತನ್ನ ಶಕ್ತಿಯನ್ನರಿತು ತನ್ನ ನಿಯಮವನ್ನು ತಾನೇ ಹೇಳಿಕೊಳ್ಳುತ್ತಾನೆ. ಒಂದು ಉಪವಾಸ ಮಾಡಿದವನೂ ಹತ್ತು ಮಾಡಿದವನೂ ಪರಸ್ಪರ ಎದುರಾಳಿಗಳಲ್ಲ; ಒಬ್ಬನ ಪಾರಣೆಗೆ ಇನ್ನೊಬ್ಬನು ಸಂತೋಷಪಡುತ್ತಾನೆ. ಸಹವಾಸದ ಬಲವನ್ನು ಪಡೆಯುವುದಕ್ಕೆ ಸೋಲಿಸುವ ಆಸೆ ಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಆದುದರಿಂದ ಸಂಘಟಕನಾದ ಶ್ರಾವಕನು ಹೊಣೆಯನ್ನು ನಿರಾಕರಿಸಬೇಕಾಗಿಲ್ಲ. ಪಂದ್ಯವನ್ನು ನಿಯಮವಾಗಿ ಮಾರ್ಪಡಿಸಿದರೆ ಸಾಕು. ಪ್ರತಿಯೊಬ್ಬನೂ ವೈದ್ಯರ ಸಲಹೆಯಂತೆ, ತನ್ನ ದೇಹಕ್ಕೆ ತಕ್ಕಂತೆ ಒಂದು ಗುರಿಯನ್ನು ತಾನೇ ಇಟ್ಟುಕೊಳ್ಳಲಿ. ಅದು 3,000 ಇರಬಹುದು, 7,000 ಇರಬಹುದು. ಗಾಲಿಕುರ್ಚಿಯವರಿಗೆ ಅರ್ಧ ಗಂಟೆಯ ಕೈವ್ಯಾಯಾಮವಿರಬಹುದು. ಗುರಿ ಮುಟ್ಟಿದ ಮೇಲೆ ಎಣಿಕೆ ನಿಲ್ಲಲಿ. ಹೆಚ್ಚಿಗೆ ನಡೆದದ್ದಕ್ಕೆ ಹೆಚ್ಚಿನ ಗೌರವ ಬೇಡ. ಕಛೇರಿಗೆ ತಿಳಿಯಬೇಕಾದುದು ‘ನಿಯಮ ಪಾಲಿಸಿದೆ’ ಎಂಬ ನೌಕರನ ಮಾತೊಂದೇ. ಯಂತ್ರದ ದಾಖಲೆ ಅವನ ಬಳಿಯಲ್ಲೇ ಇರಲಿ. ಸೇರದವರನ್ನು ಯಾರೂ ಕಾರಣ ಕೇಳದಿರಲಿ. ದಿನವಿಡೀ ಕಾಲ ಮೇಲಿರುವ ಸಿಬ್ಬಂದಿಗೆ ನಡಿಗೆಯ ಬದಲು ಕುಳಿತುಕೊಳ್ಳುವ ಬಿಡುವನ್ನೇ ಆ ತಿಂಗಳ ಕೊಡುಗೆಯಾಗಿ ಆಡಳಿತವು ಕೊಡಲಿ. ಬೇರೆ ಕೆಲಸವಿಲ್ಲದ ಸುತ್ತಾಟಕ್ಕಿಂತ ಹತ್ತಿರದ ಕೆಲಸಕ್ಕೆ ಮೋಟಾರುಸೈಕಲ್ಲನ್ನು ಬಿಟ್ಟು ನಡೆದುಹೋಗುವುದಕ್ಕೆ ಪ್ರೋತ್ಸಾಹವಿರಲಿ; ಆಗ ಹೆಜ್ಜೆಗೆ ಪ್ರಯೋಜನವೂ ಕೂಡಿಬಂದು ಹಿಂಸೆಯೂ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ನೆಲದ ತುಂಬ ಕ್ರಿಮಿಕೀಟಗಳು ಹರಿದಾಡುವುದರಿಂದಲೇ ಮುನಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸುತ್ತಾರೆ. ಇಂಥ ಕಾರ್ಯಕ್ರಮಕ್ಕೆ ಆ ನಾಲ್ಕು ತಿಂಗಳನ್ನು ಬಿಟ್ಟು ಬೇರೆ ಕಾಲವನ್ನು ಆರಿಸಿಕೊಂಡು, ಬೆಳಕು ಹರಿದ ಮೇಲೆ ನಡೆಯುವುದು ಲೇಸು. ಕಣ್ಣು ಮೊಬೈಲಿನ ಮೇಲಿರದೆ ದಾರಿಯ ಮೇಲಿರಲಿ.

ನಮ್ಮ ಬೆಳಗಾವಿ ಜಿಲ್ಲೆಯು ಎರಡು ಮಹಾಪಾದಯಾತ್ರಿಗಳನ್ನು ನಾಡಿಗೆ ಕೊಟ್ಟಿದೆ. ಭೋಜದ ಚಾರಿತ್ರಚಕ್ರವರ್ತಿ ಶಾಂತಿಸಾಗರ ಆಚಾರ್ಯರು ದಕ್ಷಿಣದಿಂದ ಹೊರಟು ಉತ್ತರ ಭಾರತದವರೆಗೆ ಬರಿಗಾಲಲ್ಲಿ ವಿಹರಿಸಿ ದಿಗಂಬರ ಮುನಿಮಾರ್ಗವನ್ನು ಮತ್ತೆ ಜನರ ಕಣ್ಣೆದುರಿಗೆ ತಂದು, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. 1946ರಲ್ಲಿ ಸದಲಗಾದಲ್ಲಿ ಜನಿಸಿದ ವಿದ್ಯಾಸಾಗರ ಆಚಾರ್ಯರು 1968ರಲ್ಲಿ ಅಜ್ಮೇರದಲ್ಲಿ ದೀಕ್ಷೆ ಪಡೆದು, ಅರ್ಧ ಶತಮಾನಕ್ಕೂ ಮೀರಿ ವಾಹನವೇರದೆ ನಡೆದು, 2024ರ ಫೆಬ್ರವರಿ 18ರಂದು ಡೊಂಗರಗಢದ ಚಂದ್ರಗಿರಿಯಲ್ಲಿ ಸಮಾಧಿಮರಣ ಹೊಂದಿದರು. ಇವರ ಹೆಜ್ಜೆಗಳನ್ನು ಯಾವ ಯಂತ್ರವೂ ಎಣಿಸಲಿಲ್ಲ. ಎಣಿಸಿದ್ದರೆ ಕೋಟಿಗಳ ಲೆಕ್ಕ ಸಿಕ್ಕುತ್ತಿತ್ತು. ಆದರೆ ಆ ಹೆಜ್ಜೆಗಳ ಕೆಳಗೆ ಉಳಿದುಕೊಂಡ ಜೀವಗಳ ಲೆಕ್ಕ ಆಗಲೂ ಸಿಕ್ಕುತ್ತಿರಲಿಲ್ಲ. ಗೃಹಸ್ಥರಾದ ನಮಗೆ ಅವರಷ್ಟು ನಡೆಯುವ ಶಕ್ತಿಯಿಲ್ಲ, ಅಗತ್ಯವೂ ಇಲ್ಲ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ನಡೆಯುವ ಅವರ ಎಚ್ಚರದಲ್ಲಿ ಒಂದಂಶವನ್ನಾದರೂ ನಾವು ಪಡೆಯಬಹುದು. ಪಕ್ಕದಲ್ಲಿ ನಿಧಾನವಾಗಿ ಬರುವ ಸಹೋದ್ಯೋಗಿಯೂ ಆ ನಾಲ್ಕು ಮೊಳದೊಳಗೇ ಇದ್ದಾನೆಂಬುದನ್ನು ಮರೆಯದಿದ್ದರೆ ಆಯಿತು.