ಲಸಿಕೆಯೂ ಶ್ರಾವಕನ ಅಹಿಂಸಾಣುವ್ರತವೂ

ಹದಿನಾರು ವರ್ಷ ತುಂಬುವ ಮೊದಲೇ ತಲೆದೋರಿ, ಬೇರೆ ಕಾರಣ ಕಾಣದೆ ಆರು ವಾರಗಳಾದರೂ ಇಳಿಯದ ಕೀಲೂತವನ್ನು ವೈದ್ಯರು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುವರು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವುದು ಇದರ ಸ್ವರೂಪ. ಬೆಳಗ್ಗೆ ಎದ್ದ ಮಗುವಿಗೆ ಬೆರಳು ಮಡಚಲಾಗದು, ಮೆಟ್ಟಿಲು ಇಳಿಯಲಾಗದು. ಮೆಥೊಟ್ರೆಕ್ಸೇಟ್, ಅಡಾಲಿಮುಮ್ಯಾಬ್ ಮೊದಲಾದ ಔಷಧಗಳು ಆ ಶಕ್ತಿಯನ್ನು ತಗ್ಗಿಸಿ ಕೀಲನ್ನು ಉಳಿಸುತ್ತವೆ; ಆದರೆ ಕಾವಲುಗಾರನ ಕೈ ಕಟ್ಟಿದ ಮನೆಗೆ ಕಳ್ಳರ ಭಯ ಹೆಚ್ಚು. ಆದುದರಿಂದಲೇ ಇಂತಹ ಮಕ್ಕಳಿಗೆ ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜಾ ಲಸಿಕೆ ಕೊಡಿಸಲು ವೈದ್ಯರು ಸೂಚಿಸುತ್ತಾರೆ.

ಜೈನ ಮನೆಯಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ. ಈ ಲಸಿಕೆಯ ಬಹುಭಾಗ ಇಂದಿಗೂ ಭ್ರೂಣವಿರುವ ಕೋಳಿಮೊಟ್ಟೆಯಲ್ಲಿ ವೈರಾಣುವನ್ನು ಬೆಳೆಸಿ ತಯಾರಾಗುತ್ತದೆ. ಮೊಟ್ಟೆಯನ್ನು ಹೊಸ್ತಿಲು ದಾಟಿಸದ ತಂದೆ ಮಗಳ ತೋಳಿಗೆ ಇದನ್ನು ಚುಚ್ಚಿಸಲು ಹಿಂಜರಿದರೆ ಅದನ್ನು ಮೌಢ್ಯವೆಂದು ತಳ್ಳಿಹಾಕಲಾಗದು. ಇಲ್ಲಿ ಘಾತವಾಗುವುದು ಪಂಚೇಂದ್ರಿಯ ಜೀವಕ್ಕೆ. ಎಲ್ಲ ಲಸಿಕೆಗಳೂ ಹೀಗಲ್ಲ. ಹೆಪಟೈಟಿಸ್-ಬಿ ಲಸಿಕೆಯನ್ನು ಯೀಸ್ಟ್‌ನಿಂದ ತಯಾರಿಸುತ್ತಾರೆ. ಮೊಟ್ಟೆಯಿಲ್ಲದ ಇನ್‌ಫ್ಲುಯೆಂಜಾ ಲಸಿಕೆಗಳೂ ಕೆಲವು ದೇಶಗಳಲ್ಲಿವೆ. ದೊರೆಯುವುದೇ ಎಂದು ವಿಚಾರಿಸುವುದು ಶ್ರಾವಕನ ಕರ್ತವ್ಯ. ದೊರೆಯದಿದ್ದರೆ?

ಗೃಹಸ್ಥನು ತ್ಯಜಿಸಬೇಕಾದುದು ಸಂಕಲ್ಪೀ ಹಿಂಸೆ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಅವನು ಪೂರ್ಣವಾಗಿ ಬಿಡಲಾರನು. ಮಗುವಿನ ಪ್ರಾಣರಕ್ಷಣೆಗಾಗಿ ಪಡೆದ ಲಸಿಕೆಯಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಆದರೂ ಕೃತ, ಕಾರಿತ, ಅನುಮೋದನೆಗಳ ಲೆಕ್ಕದಿಂದ ಅದು ಅಳಿಸಿಹೋಗದು. ಕಾರಣ ಒಳ್ಳೆಯದೆಂದು ಹಿಂಸೆಗೆ ಅಹಿಂಸೆಯ ಹೆಸರಿಡುವುದು ಖರ್ಚನ್ನು ಜಮೆಯಲ್ಲಿ ಬರೆದಂತೆ. ಅದನ್ನು ಹಿಂಸೆಯೆಂದೇ ಬರೆದುಕೊಂಡು ಪ್ರತಿಕ್ರಮಣದಲ್ಲಿ ನೆನೆಯುವುದು ನೇರವಾದ ದಾರಿ. ಬೇಡವೆಂದು ಕೈಬಿಟ್ಟು, ಮಗಳು ನ್ಯುಮೋನಿಯಾದಿಂದ ಮಲಗಿದರೆ, ಆ ಅಜಾಗರೂಕತೆಯೂ ಪ್ರಮಾದವೇ.

ಲಸಿಕೆಯಿಂದ ಕೀಲುನೋವು ಕೆರಳುವುದೆಂಬ ಭಯವೂ ಉಂಟು. ಅದು ನಿರಾಧಾರವಾಗಿ ಹುಟ್ಟಿದ್ದಲ್ಲ. ರುಬೆಲ್ಲಾ ಲಸಿಕೆ ಪಡೆದ ಕೆಲವು ವಯಸ್ಕ ಸ್ತ್ರೀಯರಲ್ಲಿ ತಾತ್ಕಾಲಿಕ ಕೀಲುನೋವು ಕಂಡದ್ದುಂಟು. ನೆದರ್ಲೆಂಡ್ಸ್‌ನಲ್ಲಿ ಈ ರೋಗವಿದ್ದ 4ರಿಂದ 9 ವರ್ಷದ 137 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಡಾರ, ಮಂಗನಬಾವು, ರುಬೆಲ್ಲಾಗಳ ವರ್ಧಕ ಲಸಿಕೆ ಕೊಟ್ಟು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಲಸಿಕೆ ಪಡೆದವರ ರೋಗ ಹೆಚ್ಚು ಉಲ್ಬಣಿಸಲಿಲ್ಲ. ಅವರು ಹರೆಯದವರಲ್ಲವೆಂಬುದನ್ನೂ ಹೇಳಬೇಕು. ಇನ್‌ಫ್ಲುಯೆಂಜಾ ಚುಚ್ಚುಮದ್ದಿನಲ್ಲಿ ಜೀವಂತ ವೈರಾಣುವಿಲ್ಲ. ಜೀವಂತ ಲಸಿಕೆಗಳ ಮಾತು ಬೇರೆ. ಪ್ರಬಲ ಔಷಧ ಸೇವಿಸುವವರಿಗೆ ಅವನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಇನ್ನು, ವ್ರತ ಯಾರದು? ವ್ರತವೆಂಬುದು ತಿಳಿದು ತಾನೇ ಸ್ವೀಕರಿಸುವಂಥದು. ತಂದೆ ತನಗಾಗಿ ಲಸಿಕೆ ಬಿಟ್ಟರೆ ಅದು ತ್ಯಾಗ; ಮಗಳಿಗೆ ತಪ್ಪಿಸಿದರೆ ಜ್ವರ ಬರುವುದು ಅವಳಿಗೆ. ಹದಿನಾಲ್ಕರ ಹುಡುಗಿಗೆ ಮೊಟ್ಟೆಯ ವಿಷಯ, ರೋಗದ ಅಪಾಯ ಎರಡನ್ನೂ ಬಿಡಿಸಿ ಹೇಳಬೇಕು. ಅವಳೇ ಹಿಂಜರಿದರೆ ಗದರಿಸದೆ ವೈದ್ಯರೆದುರು ಮತ್ತೆ ಮಾತನಾಡಬೇಕು.

ಹಿರಿಯರಿಗೂ ಒಂದು ಪಾಲಿದೆ. ಇಂತಹ ಮಗುವಿನ ಸುತ್ತಲಿರುವವರೂ ಲಸಿಕೆ ಪಡೆದರೆ ಸೋಂಕು ಮನೆ ಹೊಗುವುದು ಕಡಿಮೆ ಎಂದು ವೈದ್ಯರು ಹೇಳುತ್ತಾರೆ. ಅಭಯದಾನ, ಔಷಧದಾನಗಳನ್ನು ನಾಲ್ಕು ದಾನಗಳಲ್ಲಿ ಎಣಿಸುವ ಸಮಾಜ ಇದನ್ನು ಕೇಳಿಸಿಕೊಳ್ಳಬೇಕು. ಮೊಟ್ಟೆಯ ಲಸಿಕೆಯನ್ನು ಮಗಳ ತೋಳಿಗೆ ಚುಚ್ಚಿಸಿ, ತನ್ನ ತೋಳನ್ನು ಮಾತ್ರ ಶುದ್ಧವಾಗಿಟ್ಟುಕೊಂಡ ತಂದೆ ಪಾಪದ ಹೊರೆಯನ್ನೆಲ್ಲ ಆ ನೊಂದ ಕೀಲುಗಳ ಮೇಲೆಯೇ ಹೊರಿಸಿದಂತಾಯಿತು.